ಟೇಬಲ್‌ಟಾಪ್ ಆಟಗಳಿಗೆ ಬರೆಯುವ ಕೆಲಸ: ಮೊದಲ ಪುಟದಿಂದ ಕನ್ವೆನ್ಷನ್ ಮೇಜಿನವರೆಗೆ

ಟೇಬಲ್‌ಟಾಪ್ ಆಟಗಳಿಗೆ, ಅಂದರೆ ಮೇಜಿನ ಸುತ್ತ ಕೂತು ಆಡುವ ಆಟಗಳಿಗೆ, ಫ್ರೀಲಾನ್ಸ್ ಆಗಿ ಬರೆಯಬೇಕು ಅಂತ ಆಸೆ ಇರುವವರು ಹೆಚ್ಚಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕೆಲಸ ಎಲ್ಲಿಂದ ಸಿಗುತ್ತದೆ? ಕನ್ವೆನ್ಷನ್‌ಗಳಿಗೆ, ಅಂದರೆ ಆಟಗಾರರು ಮತ್ತು ಪ್ರಕಾಶಕರು ಸೇರುವ ಮೇಳಗಳಿಗೆ, ಹೋಗಲೇಬೇಕಾ? ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ನೀವು ಬರೆದ ಪುಟ ಹಿಡಿದುಕೊಂಡು ನಿಮಗೆ ಗೊತ್ತೇ ಇಲ್ಲದ ಒಬ್ಬರು ಆಟ ನಡೆಸಬೇಕು. ಆ ಹೊತ್ತಿನಲ್ಲಿ ಪುಟ ಅವರ ಕೈ ಹಿಡಿದರೆ ಮುಂದಿನ ಕೆಲಸ ತಾನಾಗೇ ಬರುತ್ತದೆ. ಕೈ ಕೊಟ್ಟರೆ, ಎಷ್ಟು ಜನರಿಗೆ ವಿಸಿಟಿಂಗ್ ಕಾರ್ಡ್ ಹಂಚಿದರೂ ಪ್ರಯೋಜನವಿಲ್ಲ. ಕನ್ವೆನ್ಷನ್‌ಗೆ ಹೋಗುವುದೂ ಮುಖ್ಯವಾಗಿ ಇದಕ್ಕೇ: ಅಪರಿಚಿತರು ನಿಮ್ಮ ಬರಹವನ್ನು ಆಡುವುದನ್ನು ಕಣ್ಣಾರೆ ನೋಡುವುದಕ್ಕೆ.

ಇಲ್ಲಿ ಹೆಚ್ಚಿನದು ರೋಲ್‌ಪ್ಲೇಯಿಂಗ್ ಗೇಮ್‌ಗಳ ಬಗ್ಗೆ ಇದೆ. ಅವುಗಳಲ್ಲಿ ಆಟಗಾರರು ತಲಾ ಒಂದು ಪಾತ್ರವಾಗಿ ಆಡುತ್ತಾರೆ, ಹಾಗೆ ಆಡಲು ಬರೆದ ಕಥೆಗೆ ಸಾಹಸ ಅನ್ನುತ್ತಾರೆ. ಬೋರ್ಡ್ ಗೇಮ್‌ಗಳ ರೂಲ್‌ಬುಕ್ ಬರೆಯುವುದು ಬೇರೆಯದೇ ಕೆಲಸ, ಅದರ ಬಗ್ಗೆಯೂ ಮಧ್ಯದಲ್ಲಿ ಸ್ವಲ್ಪ ಹೇಳುತ್ತೇನೆ.

1. ಯಾರಿಗೆ ಬರೆಯುತ್ತಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ

ಆಟದ ಪುಸ್ತಕವನ್ನು ಕಾದಂಬರಿಯ ಹಾಗೆ ಒರಗಿಕೊಂಡು ಓದುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಸಂಬಳ ಕೊಡಿಸುವ ಓದುಗ ಬೇರೆ. ಅವರು ಗೇಮ್ ಮಾಸ್ಟರ್, ಅಂದರೆ ಕಥೆ ಹೇಳುತ್ತಾ ಆಟ ನಡೆಸುವವರು. ನಿಮ್ಮ ಸಾಹಸವನ್ನು ಹಿಂದಿನ ರಾತ್ರಿ ಒಂದು ಸಲ ಓದಿರುತ್ತಾರೆ, ಅರ್ಧ ಮರೆತಿರುತ್ತಾರೆ. ಮೇಜಿನ ಸುತ್ತ ಐದು ಜನ ಅವರ ಮುಖವನ್ನೇ ನೋಡುತ್ತಾ ಕೂತಿದ್ದಾರೆ, ಅಷ್ಟರಲ್ಲಿ ಒಬ್ಬರು "ಈ ಕಾವಲುಗಾರನಿಗೆ ಲಂಚ ಕೊಟ್ಟರೆ ಒಪ್ಪುತ್ತಾನಾ?" ಅಂತ ಕೇಳುತ್ತಾರೆ. ಉತ್ತರ ಐದು ಸೆಕೆಂಡಿನಲ್ಲಿ ಕಣ್ಣಿಗೆ ಬೀಳಬೇಕು. ನೀವು ಅದನ್ನು ಮೂರನೇ ಪ್ಯಾರಾದ ನಡುವೆ, ಕಾವಲುಗಾರನ ಬಾಲ್ಯದ ಕಥೆಯ ಹಿಂದೆ ಇಟ್ಟಿದ್ದರೆ ಅವರಿಗೆ ಸಿಗುವುದಿಲ್ಲ.

ಹಾಗಾಗಿ ಕೆಲವು ಅಭ್ಯಾಸಗಳನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ. ಖಳನಾಯಕ ಯಾರು, ಅವನಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತದೆ, ಈ ಮೂರನ್ನೂ ಸಾಹಸದ ಮೊದಲ ಪುಟದಲ್ಲೇ ಹೇಳಿಬಿಡಿ. ಗೇಮ್ ಮಾಸ್ಟರ್‌ನಿಂದ ಗುಟ್ಟು ಮುಚ್ಚಿಟ್ಟು ಕೊನೆಯಲ್ಲಿ ಅವರನ್ನು ಚಕಿತಗೊಳಿಸುವ ಆಸೆ ಬೇಡ. ಚಕಿತರಾಗಬೇಕಾದವರು ಆಟಗಾರರು. ಕೋಣೆಯನ್ನು ವರ್ಣಿಸುವಾಗ ಬಾಗಿಲು ತೆರೆದ ಕೂಡಲೇ ಕಾಣುವುದು ಮೊದಲು, ಹುಡುಕಿದರೆ ಸಿಗುವುದು ಆಮೇಲೆ, ಹಳೇ ಇತಿಹಾಸ ಕೊನೆಗೆ. "ಉರಿಯುತ್ತಿರುವ ದೀಪ, ಅರ್ಧ ತಿಂದ ಊಟ, ಒಳಗಿನಿಂದ ಚಿಲಕ ಹಾಕಿದ ಕಿಟಕಿ" ಅಂತ ಒಂದು ಸಾಲು ಬರೆದರೆ ಸಾಕು, ಆಟಗಾರರು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಜೋರಾಗಿ ಓದಿ ಹೇಳಲು ಬಾಕ್ಸ್ ಒಳಗೆ ಕೊಡುವ ಪಠ್ಯ ಮೂರ್ನಾಲ್ಕು ವಾಕ್ಯ ದಾಟಬಾರದು. ಅದಕ್ಕಿಂತ ಉದ್ದವಾದರೆ ಜನ ಫೋನ್ ನೋಡಲು ಶುರು ಮಾಡುತ್ತಾರೆ. ಆ ಪಠ್ಯದಲ್ಲಿ "ನಿಮಗೆ ಭಯವಾಗುತ್ತದೆ" ಅಂತ ಎಂದೂ ಬರೆಯಬೇಡಿ. ಭಯಪಡಬೇಕಾ ಬೇಡ್ವಾ ಅನ್ನುವುದನ್ನು ಆ ಪಾತ್ರ ಆಡುತ್ತಿರುವವರು ತೀರ್ಮಾನಿಸುತ್ತಾರೆ. ಹಾಗೆಯೇ ಕಥೆ ಮುಂದೆ ಹೋಗಲು ಒಂದೇ ಸುಳಿವು, ಅದೂ ಡೈಸ್ ಚೆನ್ನಾಗಿ ಬಿದ್ದರೆ ಮಾತ್ರ, ಅನ್ನುವ ಹಾಗೆ ಕಟ್ಟಬೇಡಿ. ಡೈಸ್ ಕೆಟ್ಟದಾಗಿ ಬಿದ್ದ ದಿನ ಆಟ ಅಲ್ಲೇ ನಿಂತುಬಿಡುತ್ತದೆ. ಮುಖ್ಯವಾದ ಪ್ರತಿ ವಿಷಯಕ್ಕೂ ಮೂರು ದಾರಿಯಿಂದ ಸುಳಿವು ಸಿಗಲಿ. ಇನ್ನೊಂದು ಚಿಕ್ಕ ವಿಷಯ, ಆದರೆ ಆಟ ನಡೆಸುವವರು ಮನಸಾರೆ ನೆನೆಯುತ್ತಾರೆ: ಪಾತ್ರಗಳ ಹೆಸರು ಬೇರೆಬೇರೆ ಅಕ್ಷರದಿಂದ ಶುರುವಾಗಲಿ. ಮಾರನ್, ಮಾರಿಲ್, ಮಾರ್ತಾ ಅಂತ ಮೂವರು ಒಂದೇ ಹಳ್ಳಿಯಲ್ಲಿದ್ದರೆ ಅವರು ಒಬ್ಬರನ್ನೊಬ್ಬರು ಕೊಂದರೂ ಯಾರು ಸತ್ತರು ಅಂತ ಮೇಜಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬೋರ್ಡ್ ಗೇಮ್ ರೂಲ್‌ಬುಕ್‌ನಲ್ಲಿ ಇದೇ ಮಾತು ಇನ್ನೂ ಕಟ್ಟುನಿಟ್ಟು. ಒಂದು ವಸ್ತುವಿಗೆ ಒಂದೇ ಹೆಸರು. ಮೊದಲ ಪುಟದಲ್ಲಿ "ಟೋಕನ್" ಅಂದಿದ್ದನ್ನು ಆರನೇ ಪುಟದಲ್ಲಿ "ಬಿಲ್ಲೆ" ಅಂದರೆ ಜನ ಪೆಟ್ಟಿಗೆಯಲ್ಲಿ ಬಿಲ್ಲೆ ಹುಡುಕುತ್ತಾರೆ. ಬರವಣಿಗೆಯ ಸೊಗಸಿಗಾಗಿ ಪದ ಬದಲಿಸುವ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ.

2. ಚಿಕ್ಕದೊಂದನ್ನು ಮುಗಿಸಿ, ಹೊರಗೆ ಹಾಕಿ

ನಿಮ್ಮ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಎಡಿಟರ್ ನಿಮ್ಮನ್ನು ನಂಬುವುದು ಹೇಗೆ? ಎಂಟು ಹತ್ತು ಪುಟದ ಒಂದು ಸಾಹಸ ಸಾಕು. 300 ಪುಟದ ನಿಮ್ಮದೇ ಲೋಕ ಆಮೇಲೆ ಬರಲಿ. ಮುಗಿಸಿದ ಚಿಕ್ಕ ಕೆಲಸ ಒಂದು ವಿಷಯವನ್ನು ಸಾಬೀತು ಮಾಡುತ್ತದೆ, ನೀವು ಮುಗಿಸುವವರು ಅಂತ. ಈ ಉದ್ಯಮದಲ್ಲಿ ಅದಕ್ಕೆ ಇರುವ ಬೆಲೆ ಪ್ರತಿಭೆಗಿಂತ ಜಾಸ್ತಿ ಅಂದರೂ ತಪ್ಪಿಲ್ಲ.

ಬೇರೆಯವರ ಆಟದ ಮೇಲೆ ಬರೆಯುವುದಾದರೆ ಲೈಸೆನ್ಸ್ ಓದಿಕೊಳ್ಳಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ರೋಲ್‌ಪ್ಲೇಯಿಂಗ್ ಗೇಮ್ ಇವತ್ತು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಕೈಯಲ್ಲಿದೆ. 2000ರಲ್ಲಿ ಅವರು ತಮ್ಮ ನಿಯಮಗಳನ್ನು ಹೊರಗಿನವರೂ ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಅಂತ ಒಂದು ತಂದರು, ಅದರಿಂದ ಹೊರಗಿನವರು ನೂರಾರು ಪುಸ್ತಕ ಮಾಡಿದರು. 2023ರ ಜನವರಿಯಲ್ಲಿ ಅದನ್ನು ಬದಲಿಸುವ ಕರಡು ಹೊರಬಿದ್ದಾಗ ದೊಡ್ಡ ಗಲಾಟೆ ಆಯಿತು. ಅದೇ ತಿಂಗಳ ಕೊನೆಗೆ ಕಂಪನಿ ಹಿಂದೆ ಸರಿದು, ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ 5.1 ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಡುಗಡೆ ಮಾಡಿತು. ನಿಮಗೆ ಇದರ ಅರ್ಥ ಇಷ್ಟು: ಆ ದಾಖಲೆಯಲ್ಲಿ ಇರುವುದನ್ನು ಬಳಸಿ ಬರೆದು ಮಾರಬಹುದು, ಅವರು ಹೇಳಿದ ಕೃತಜ್ಞತಾ ಸಾಲನ್ನು ಹಾಗೇ ಹಾಕಬೇಕು. ಆ ದಾಖಲೆಯಲ್ಲಿ ಇಲ್ಲದ ರಾಕ್ಷಸರು, ಊರುಗಳು, ದೇವತೆಗಳ ಹೆಸರು ಮುಟ್ಟುವ ಹಾಗಿಲ್ಲ.

ಆ ಹೆಸರುಗಳೇ ಬೇಕು ಅಂದರೆ 2016ರಲ್ಲಿ ಶುರುವಾದ ಡಿಎಂಸ್ ಗಿಲ್ಡ್ ಅನ್ನುವ ಆನ್‌ಲೈನ್ ಮಾರಾಟದ ಸೈಟ್ ಇದೆ. ಅಲ್ಲಿ ಮಾರಿದ್ದರಲ್ಲಿ ಅರ್ಧ ಬರೆದವರಿಗೆ ಬರುತ್ತದೆ. ಆದರೆ ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವ ಹಾಗಿಲ್ಲ, ಇದನ್ನು ಹಾಕುವ ಮೊದಲೇ ಯೋಚಿಸಿ. ನಿಮ್ಮದೇ ಪುಟ್ಟ ಆಟವಾದರೆ ಇಚ್.ಐಓ ಸುಲಭ, ಸೈಟ್‌ಗೆ ಎಷ್ಟು ಪಾಲು ಕೊಡಬೇಕು ಅಂತ ಅಲ್ಲಿ ನೀವೇ ತೀರ್ಮಾನಿಸಬಹುದು. ಯೋಜನೆಗಳಿಗೆ ಜನರಿಂದ ದುಡ್ಡು ಕೂಡಿಸುವ ಸೈಟ್ ಕಿಕ್‌ಸ್ಟಾರ್ಟರ್ 2019ರಲ್ಲಿ ಝೀನ್‌ಕ್ವೆಸ್ಟ್ ಅಂತ ತೆಳು ಪುಸ್ತಕಗಳಿಗಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿತು. ಹೊಸಬರಿಗೆ ಅದು ಒಳ್ಳೆಯ ಅಳತೆ. ಆದರೆ ಹಾಗೆ ಕೂಡಿದ ದುಡ್ಡಿನಲ್ಲಿ ಕಿಕ್‌ಸ್ಟಾರ್ಟರ್ 5 ಶೇಕಡಾ ಇಟ್ಟುಕೊಳ್ಳುತ್ತದೆ, ಪಾವತಿಯ ಖರ್ಚು ಅದರ ಮೇಲೆ, ಮುದ್ರಣ ಮತ್ತು ಅಂಚೆ ಇನ್ನೂ ಮೇಲೆ. ಅಂಚೆ ಖರ್ಚಿನಲ್ಲಿ ಮುಳುಗಿದ ಯೋಜನೆಗಳು ಬೇಕಾದಷ್ಟಿವೆ. ಮೊದಲ ಸಲಕ್ಕೆ ಪಿಡಿಎಫ್ ಮಾತ್ರ ಸಾಕು ಅಂತ ನನ್ನ ಸಲಹೆ.

3. ಪಿಚ್, ಅಂದರೆ ಕೆಲಸ ಕೇಳುವ ಮೇಲ್, ಕಳಿಸಿ

ಪ್ರಕಾಶಕರ ಸೈಟ್‌ನಲ್ಲಿ ಬರಹಗಾರರನ್ನು ಕರೆಯುವ ಪುಟ ಇದೆಯಾ ನೋಡಿ. ಇದ್ದರೆ ಅಲ್ಲಿ ಕೇಳಿದ್ದನ್ನು ಮಾತ್ರ, ಕೇಳಿದ ರೀತಿಯಲ್ಲೇ ಕಳಿಸಿ. 500 ಪದದ ಮಾದರಿ ಕೇಳಿದಾಗ 900 ಪದ ಕಳಿಸಿದರೆ ಅವರಿಗೆ ಮೊದಲು ಗೊತ್ತಾಗುವುದು ನೀವು ಅಳತೆ ಪಾಲಿಸುವುದಿಲ್ಲ ಅಂತ.

ಮೇಲ್ ಚಿಕ್ಕದಿರಲಿ. ನೀವು ಯಾರು ಅಂತ ಎರಡು ಸಾಲು, ಮುಗಿಸಿದ ಕೆಲಸದ ಲಿಂಕ್, ಅವರ ಯಾವ ಆಟ ಆಡಿದ್ದೀರಿ, ಯಾವ ಭಾಗ ಬರೆಯಬಲ್ಲಿರಿ. ರಾಕ್ಷಸರ ಸ್ಟ್ಯಾಟ್ ಬ್ಲಾಕ್ (ಅವರ ಶಕ್ತಿ ಸಾಮರ್ಥ್ಯದ ಅಂಕಿಗಳ ಪಟ್ಟಿ) ಮಾಡುವುದರಲ್ಲಿ ಕೈ ಪಳಗಿದೆಯಾ, ಅದನ್ನೇ ಹೇಳಿ. ಅಂಕಿಗಳ ಕೆಲಸ ಅಚ್ಚುಕಟ್ಟಾಗಿ ಮಾಡುವವರು ಕಡಿಮೆ, ಊರು ಮತ್ತು ಇತಿಹಾಸ ಬರೆಯಲು ಕಾದಿರುವವರು ಜಾಸ್ತಿ. ಆಟದ ಒಂದು ಹೊಸ ಐಡಿಯಾವನ್ನು ಸುರಿದು "ಇದನ್ನು ಪ್ರಕಟಿಸಿ" ಅಂತ ಕೇಳುವುದಕ್ಕಿಂತ, ಅವರು ಈಗಾಗಲೇ ಮಾಡುತ್ತಿರುವ ಪುಸ್ತಕದಲ್ಲಿ ಒಂದು ಅಧ್ಯಾಯ ಹಿಡಿಯುವುದು ಸುಲಭ. ಹೆಚ್ಚಿನ ದೊಡ್ಡ ಪುಸ್ತಕಗಳು ಹಲವು ಫ್ರೀಲಾನ್ಸರ್‌ಗಳ ಕೈಯಲ್ಲಿ ತುಂಡುತುಂಡಾಗಿ ಬರೆಸಿಕೊಂಡವೇ.

ಉತ್ತರ ಬರದಿದ್ದರೆ ಒಂದು ತಿಂಗಳು ಬಿಟ್ಟು ಒಂದು ಸಲ ನೆನಪಿಸಿ. ಅಷ್ಟೇ.

4. ಕಾಂಟ್ರಾಕ್ಟ್ ಪೂರ್ತಿ ಓದಿ

ಖುಷಿಯಲ್ಲಿ ಸಹಿ ಹಾಕಬೇಡಿ, ದಯವಿಟ್ಟು. ಈ ಕೆಲಸದ ಹೆಚ್ಚಿನ ಕಾಂಟ್ರಾಕ್ಟ್‌ಗಳು ವರ್ಕ್ ಫಾರ್ ಹೈರ್ ಬಗೆಯವು. ಅಂದರೆ ನೀವು ಬರೆದದ್ದರ ಹಕ್ಕು ಮೊದಲಿನಿಂದಲೇ ಕಂಪನಿಯದು, ನೀವು ಸೃಷ್ಟಿಸಿದ ಪಾತ್ರವನ್ನು ನಾಳೆ ಬೇರೆ ಕಡೆ ಬಳಸುವ ಹಾಗಿಲ್ಲ, ಮರುಮುದ್ರಣವಾದರೂ ಮತ್ತೆ ದುಡ್ಡಿಲ್ಲ. ಇದು ಅನ್ಯಾಯ ಅಂತ ನಾನು ಹೇಳುತ್ತಿಲ್ಲ, ಬೇರೆಯವರ ಲೋಕದಲ್ಲಿ ಬರೆಯುವಾಗ ಹೀಗೇ ಇರುತ್ತದೆ. ಆದರೆ ನಿಮಗೆ ತುಂಬ ಪ್ರೀತಿಯಾದ, ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡ ಪಾತ್ರವನ್ನು ಇಂಥ ಕೆಲಸಕ್ಕೆ ಹಾಕಬೇಡಿ. ಅದನ್ನು ನಿಮ್ಮದೇ ಪುಸ್ತಕಕ್ಕೆ ಉಳಿಸಿಕೊಳ್ಳಿ.

ಹಕ್ಕಿನ ವಿಷಯದಲ್ಲಿ ಇನ್ನೊಂದು ತಿಳಿದಿರಲಿ. ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ರಕ್ಷಣೆ ಇಲ್ಲ, ಅದನ್ನು ವಿವರಿಸಿದ ಮಾತುಗಳಿಗೆ ಮತ್ತು ಚಿತ್ರಗಳಿಗೆ ಇದೆ. ಹಾಗಾಗಿ ಎರಡು ಡೈಸ್ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಉಪಾಯ ಎಲ್ಲರದು. ಅದನ್ನು ಇನ್ನೊಬ್ಬರು ಬರೆದ ವಾಕ್ಯ ಅವರದು.

ಕಾಂಟ್ರಾಕ್ಟ್‌ನಲ್ಲಿ ನೋಡಬೇಕಾದದ್ದರಲ್ಲಿ ಮೊದಲನೆಯದು ದುಡ್ಡು ಯಾವಾಗ ಅನ್ನುವುದು. ಬರಹ ಒಪ್ಪಿಕೊಂಡಾಗಲಾ, ಪುಸ್ತಕ ಹೊರಬಂದಾಗಲಾ? ಇವೆರಡರ ನಡುವೆ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೋಗಬಹುದು, ಪುಸ್ತಕ ನಿಂತೇ ಹೋಗಲೂಬಹುದು. "ಪ್ರಕಟವಾದ ಮೇಲೆ" ಅಂತ ಇದ್ದರೆ "ಒಪ್ಪಿಕೊಂಡ ಮೇಲೆ ಇಷ್ಟು ದಿನದೊಳಗೆ" ಅಂತ ಬದಲಿಸಲು ಕೇಳಿ. ಕೇಳುವುದರಿಂದ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ. ಯೋಜನೆ ನಿಂತುಹೋದರೆ ಮಾಡಿದ ಕೆಲಸಕ್ಕೆ ಏನು ಕೊಡುತ್ತಾರೆ, ಎಷ್ಟು ಸಲ ತಿದ್ದಿಕೊಡಬೇಕು, ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತದೆ, ಎಷ್ಟು ಪ್ರತಿ ಕೊಡುತ್ತಾರೆ, ಇದೆಲ್ಲ ಬರವಣಿಗೆಯಲ್ಲಿರಲಿ. ಎಐ ಬಳಸಿದ ಪಠ್ಯ ಕೊಡಬಾರದು ಅನ್ನುವ ಷರತ್ತೂ ಈಗ ಕಾಣುತ್ತದೆ. ಪಾತ್‌ಫೈಂಡರ್ ಅನ್ನುವ ಆಟ ಪ್ರಕಟಿಸುವ ಪೈಝೋ ಕಂಪನಿ 2023ರಲ್ಲೇ ಇದನ್ನು ಬಹಿರಂಗವಾಗಿ ಹೇಳಿತು. ಆ ಷರತ್ತಿಗೆ ಸಹಿ ಹಾಕಿದರೆ ಅಕ್ಷರಶಃ ಪಾಲಿಸಿ.

ಅಮೆರಿಕದ ಹೊರಗೆ ಇದ್ದುಕೊಂಡು ಅಲ್ಲಿನ ಕಂಪನಿಗೆ ಬರೆದರೆ ಡಬ್ಲ್ಯು-8ಬೆನ್ ಅನ್ನುವ ತೆರಿಗೆ ಫಾರಂ ಕೇಳುತ್ತಾರೆ. ಹೆದರುವಂಥದ್ದು ಏನಿಲ್ಲ, ನೀವು ಅಲ್ಲಿನ ತೆರಿಗೆದಾರರಲ್ಲ ಅಂತ ಹೇಳುವ ಕಾಗದ. ತುಂಬಿಸಿ ಒಂದು ಪ್ರತಿ ಇಟ್ಟುಕೊಳ್ಳಿ.

5. ಪದದ ಲೆಕ್ಕವನ್ನು ಗಂಟೆಯ ಲೆಕ್ಕಕ್ಕೆ ತನ್ನಿ

ಇಲ್ಲಿ ಸಂಬಳ ಪದಕ್ಕೆ ಇಷ್ಟು ಸೆಂಟ್ ಅಂತ. 5 ಸೆಂಟ್, 10 ಸೆಂಟ್ ಅನ್ನುವ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ, ಅದಕ್ಕಿಂತ ಕಡಿಮೆ ಕೊಡುವವರೂ ಜಾಸ್ತಿ ಕೊಡುವವರೂ ಇದ್ದಾರೆ. ಆದರೆ ಪದದ ದರ ನೋಡಿ ಕೆಲಸ ಒಪ್ಪಬೇಡಿ, ಹೀಗೆ ಲೆಕ್ಕ ಹಾಕಿ. 5,000 ಪದದ ಒಂದು ಸಾಹಸ, ಪದಕ್ಕೆ 10 ಸೆಂಟ್, ಒಟ್ಟು 500 ಡಾಲರ್. ಔಟ್‌ಲೈನ್‌ಗೆ 4 ಗಂಟೆ, ಬರೆಯಲು 20, ಆಡಿಸಿ ನೋಡಲು 6, ತಿದ್ದಲು 8, ಮೇಲ್ ಮತ್ತು ಇನ್‌ವಾಯ್ಸ್‌ಗೆ 2 ಅಂತ ಇಟ್ಟುಕೊಂಡರೆ 40 ಗಂಟೆ. ಗಂಟೆಗೆ 12.50 ಡಾಲರ್ ಆಯಿತು. ದರ 5 ಸೆಂಟ್ ಆದರೆ 6.25. ನಿಮ್ಮ ಗಂಟೆಗಳನ್ನು ನಿಜವಾಗಿ ಬರೆದಿಟ್ಟುಕೊಂಡು ಈ ಲೆಕ್ಕ ಮಾಡಿ, ಅಂದಾಜಿನ ಮೇಲೆ ಬೇಡ. ಸ್ಟ್ಯಾಟ್ ಬ್ಲಾಕ್‌ಗಳು ತುಂಬಿದ ಕೆಲಸಕ್ಕೆ ಪದ ಕಡಿಮೆ, ಗಂಟೆ ಜಾಸ್ತಿ. ಅಲ್ಲಿ ಪದದ ದರಕ್ಕಿಂತ ಒಟ್ಟು ಮೊತ್ತ ಕೇಳುವುದು ವಾಸಿ.

ಬರೀ ಸಾಹಸ ಬರೆದು ಬದುಕುವವರು ತುಂಬ ಕಡಿಮೆ. ಎಡಿಟಿಂಗ್, ರೂಲ್‌ಬುಕ್ ತಿದ್ದುವುದು, ಪುಟ ವಿನ್ಯಾಸ, ಪ್ರೂಫ್ ನೋಡುವುದು, ಬೇರೆ ಬರವಣಿಗೆ, ಇವು ಸೇರಿ ತಿಂಗಳು ಸಾಗುತ್ತದೆ. ಇನ್ನೊಂದು ಉದ್ಯೋಗ ಇಟ್ಟುಕೊಂಡು ಸಂಜೆ ಬರೆಯುವವರು ಕಡಿಮೆ ದರ್ಜೆಯ ಬರಹಗಾರರೇನಲ್ಲ. ಕೆಟ್ಟ ಕಾಂಟ್ರಾಕ್ಟ್‌ಗೆ ಧೈರ್ಯವಾಗಿ ಬೇಡ ಅನ್ನಲು ಅವರಿಗೆ ಆಗುತ್ತದೆ, ಅದು ದೊಡ್ಡ ವಿಷಯ.

6. ಬರೆಯುವ ದಿನಗಳು

ಔಟ್‌ಲೈನ್ ಒಪ್ಪಿಗೆ ಆಗುವವರೆಗೆ ಪೂರ್ತಿ ಬರೆಯಬೇಡಿ. ಪ್ರಕಾಶಕರ ಸ್ಟೈಲ್ ಗೈಡ್ ಪಕ್ಕದಲ್ಲೇ ತೆರೆದಿರಲಿ. ಯಾವ ಪದ ದಪ್ಪಕ್ಷರದಲ್ಲಿ, ಮಂತ್ರಗಳ ಹೆಸರು ಹೇಗೆ, ಅಂಕಿಗಳು ಹೇಗೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಅದನ್ನು ಪಾಲಿಸಿದ ಪ್ರತಿ ಕೈಗೆ ಬಂದರೆ ಎಡಿಟರ್‌ಗೆ ಒಂದು ದಿನ ಉಳಿಯುತ್ತದೆ, ಅವರು ಆ ಉಪಕಾರ ಮರೆಯುವುದಿಲ್ಲ.

ಪದಗಳ ಮಿತಿ ಅಂದರೆ ಮಿತಿ. 5,000 ಕೇಳಿದಾಗ 6,200 ಕೊಟ್ಟರೆ ಅದು ಉದಾರತೆ ಅಲ್ಲ. ಪುಸ್ತಕದ ಪುಟ ಮೊದಲೇ ನಿಗದಿಯಾಗಿರುತ್ತದೆ, ಚಿತ್ರಗಳ ಜಾಗವೂ ಹಾಗೇ. ಆ ಹೆಚ್ಚುವರಿಯನ್ನು ಯಾರೋ ಕತ್ತರಿಸಬೇಕು, ಅವರು ಕತ್ತರಿಸುವುದು ನಿಮಗೆ ಇಷ್ಟವಾದದ್ದನ್ನೇ ಆಗಿರಬಹುದು. ಡೆಡ್‌ಲೈನ್ ತಪ್ಪುತ್ತದೆ ಅಂತ ಅನ್ನಿಸಿದ ದಿನವೇ ಮೇಲ್ ಮಾಡಿ. ಎರಡು ವಾರ ಮುಂಚೆ ತಿಳಿಸಿದರೆ ಅವರು ವೇಳಾಪಟ್ಟಿ ಸರಿಸಬಹುದು, ಆ ದಿನ ರಾತ್ರಿ ತಿಳಿಸಿದರೆ ಏನೂ ಮಾಡಲಾಗದು. ಸುಮ್ನೆ ಮಾಯವಾಗುವವರನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಆಡಿಸಿ ನೋಡುವ ಹಂತ ಬಿಡಲೇಬೇಡಿ. ನೀವೇ ನಡೆಸಿದರೆ ಅರ್ಧ ಪ್ರಯೋಜನ, ಯಾಕಂದರೆ ಪುಟದಲ್ಲಿ ಇಲ್ಲದ್ದನ್ನು ನಿಮ್ಮ ತಲೆ ತುಂಬಿಕೊಡುತ್ತದೆ. ಇನ್ನೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡಿರಿ. ಅವರು ತಪ್ಪು ಮಾಡಿದಾಗ ತಿದ್ದಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಅವರು ಎಲ್ಲಿ ಪುಟ ಹಿಂದೆ ಮುಂದೆ ತಿರುಗಿಸಿದರು, ಎಲ್ಲಿ ತಡವರಿಸಿದರು, ಯಾವ ಸಾಲನ್ನು ಎರಡು ಸಲ ಓದಿದರು ಅನ್ನುವುದನ್ನು ಬರೆದುಕೊಳ್ಳಿ. ತಿದ್ದಬೇಕಾದ ಜಾಗಗಳು ಅವೇ.

7. ಯಾವ ಕನ್ವೆನ್ಷನ್ ಅಂತ ಆರಿಸಿಕೊಳ್ಳಿ

ಎಲ್ಲದಕ್ಕೂ ಹೋಗುವ ಹುಮ್ಮಸ್ಸು ಬೇಡ. ಜೆನ್ ಕಾನ್ 1968ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನಲ್ಲಿ ಶುರುವಾಗಿ 2003ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಬರುವ ಆ ನಾಲ್ಕು ದಿನ ರೋಲ್‌ಪ್ಲೇಯಿಂಗ್ ಲೋಕದ ಬಹುಪಾಲು ಜನ ಅಲ್ಲಿರುತ್ತಾರೆ, ಈ ಕ್ಷೇತ್ರದ ಎನ್ನೀ ಪ್ರಶಸ್ತಿಗಳನ್ನು ಕೊಡುವುದೂ ಅಲ್ಲೇ. ಜರ್ಮನಿಯ ಎಸ್ಸೆನ್‌ನ ಶ್ಪೀಲ್ 1983ರಿಂದ ನಡೆಯುತ್ತಿದೆ. ಅಕ್ಟೋಬರ್‌ನ ಆ ಮೇಳ ಬೋರ್ಡ್ ಗೇಮ್‌ನವರದು, ರೂಲ್‌ಬುಕ್ ಬರೆಯುವವರು ಅಲ್ಲಿಗೆ ಹೋಗಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ 2007ರಿಂದ ಯುಕೆ ಗೇಮ್ಸ್ ಎಕ್ಸ್‌ಪೋ ಇದೆ, ಫಿಲಡೆಲ್ಫಿಯಾದಲ್ಲಿ 2017ರಿಂದ ಪ್ಯಾಕ್ಸ್ ಅನ್‌ಪ್ಲಗ್ಡ್ ಇದೆ.

ಇವು ದೊಡ್ಡವು, ದೊಡ್ಡದರಲ್ಲಿ ಹೊಸಬರು ಕಳೆದುಹೋಗುವುದೂ ಸುಲಭ. ಮೊದಲ ಸಲಕ್ಕೆ ನಿಮಗೆ ಹತ್ತಿರದ, ಇನ್ನೂರು ಮುನ್ನೂರು ಜನ ಸೇರುವ ಚಿಕ್ಕ ಕನ್ವೆನ್ಷನ್ ಒಳ್ಳೆಯದು. ಅಲ್ಲಿ ನಿಮ್ಮ ಮೇಜಿಗೆ ಬಂದವರು ಮಾರನೇ ದಿನ ಮತ್ತೆ ಸಿಗುತ್ತಾರೆ, ನಿನ್ನೆಯ ಆಟದ ಬಗ್ಗೆ ಮಾತಾಡುತ್ತಾರೆ. ಆ ಮಾತು ಬಹಳ ಬೆಲೆಯದು.

ಖರ್ಚನ್ನು ಮೊದಲೇ ಬರೆದುಕೊಳ್ಳಿ. ಪ್ರಯಾಣ, ಕೋಣೆ, ಪ್ರವೇಶದ ಬ್ಯಾಡ್ಜ್, ಊಟ, ಮತ್ತು ಆ ದಿನಗಳಲ್ಲಿ ಬರೆಯದೇ ಹೋದ ಪದಗಳು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಇಷ್ಟು ಗಂಟೆ ಆಟ ನಡೆಸಿದರೆ ಬ್ಯಾಡ್ಜ್ ದುಡ್ಡು ವಾಪಸ್ ಅನ್ನುವ ಏರ್ಪಾಡು ಹಲವು ಕನ್ವೆನ್ಷನ್‌ಗಳಲ್ಲಿದೆ. ನಿಮಗೆ ಕೆಲಸ ಕೊಟ್ಟ ಪ್ರಕಾಶಕರು ಅವರ ಬೂತ್‌ನಲ್ಲಿ ನಿಂತರೆ ಬ್ಯಾಡ್ಜ್, ಕೆಲವೊಮ್ಮೆ ಕೋಣೆಯನ್ನೂ ಕೊಡುತ್ತಾರೆ. ಗಡಿ ದಾಟಿ ಹೋಗುವುದಾದರೆ ಒಂದು ಎಚ್ಚರ: ಪ್ಯಾನೆಲ್‌ನಲ್ಲಿ ಮಾತಾಡುವುದು ಬೇರೆ, ದುಡ್ಡಿಗೆ ಬೂತ್‌ನಲ್ಲಿ ಕೆಲಸ ಮಾಡುವುದು ಬೇರೆ, ಸಂದರ್ಶಕರ ವೀಸಾದಲ್ಲಿ ಎರಡನೆಯದಕ್ಕೆ ಅವಕಾಶ ಇಲ್ಲದಿರಬಹುದು. ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

8. ನಾಲ್ಕು ಗಂಟೆಯ ಆಟವನ್ನು ಕಟ್ಟಿ

ಕನ್ವೆನ್ಷನ್‌ನಲ್ಲಿ ಬರಹಗಾರರು ಮಾಡಬಹುದಾದ ಎಲ್ಲ ಕೆಲಸಗಳಲ್ಲಿ ಇದೇ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಪ್ಯಾನೆಲ್‌ನಲ್ಲಿ ನೂರು ಜನ ನಿಮ್ಮ ಮಾತು ಕೇಳುತ್ತಾರೆ, ಮರೆಯುತ್ತಾರೆ. ಮೇಜಿನಲ್ಲಿ ಆರು ಜನ ನೀವು ಬರೆದದ್ದರೊಳಗೆ ಓಡಾಡುತ್ತಾರೆ, ಆ ಆರು ಜನ ನಿಮ್ಮ ಹೆಸರು ಹುಡುಕಿಕೊಂಡು ಪುಸ್ತಕ ಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ನಿಮ್ಮ ಬರಹ ಸೋತಿತು ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಆಟದ ಹೆಸರು ಮತ್ತು ವಿವರವನ್ನು ಆಯೋಜಕರಿಗೆ ತಿಂಗಳುಗಳ ಮೊದಲೇ ಕಳಿಸಬೇಕು, ದೊಡ್ಡ ಕಡೆಗಳಲ್ಲಿ ಇದಕ್ಕೆ ಕೊನೇ ದಿನಾಂಕ ಇರುತ್ತದೆ. ವಿವರ ಎರಡು ಮೂರು ಸಾಲು. ಆಟಗಾರರು ಯಾರಾಗಿರುತ್ತಾರೆ, ಮೊದಲ ತೊಂದರೆ ಏನು, ಹೊಸಬರು ಬರಬಹುದಾ, ಮಕ್ಕಳಿಗೆ ಸರಿಯಾ.

ಸಾಮಾನ್ಯ ಸ್ಲಾಟ್ ನಾಲ್ಕು ಗಂಟೆ. ಪರಿಚಯ ಮತ್ತು ನಿಯಮ ಹೇಳಲು ಕಾಲು ಗಂಟೆ ಹೋಗುತ್ತದೆ. ಕೊನೆಯ ಹತ್ತು ನಿಮಿಷ ಮೇಜು ಬಿಟ್ಟುಕೊಡಲು ಬೇಕು, ಮುಂದಿನ ಗುಂಪು ನಿಂತಿರುತ್ತದೆ. ಉಳಿದದ್ದು ಸುಮಾರು ಮೂರೂವರೆ ಗಂಟೆ. ಅದರಲ್ಲಿ ಮೂರು ದೃಶ್ಯ, ಒಂದು ಕೊನೆಯ ಹಣಾಹಣಿ. ಹಣಾಹಣಿ ಎಷ್ಟು ಗಂಟೆಗೆ ಶುರುವಾಗಲೇಬೇಕು ಅಂತ ನಿಮ್ಮ ಪ್ರತಿಯ ಮೇಲೆ ದೊಡ್ಡದಾಗಿ ಬರೆದಿಡಿ, ಎರಡು ಮುಕ್ಕಾಲು ಗಂಟೆ ಆದ ಮೇಲೆ ತಡ ಮಾಡಬೇಡಿ. ಹೊತ್ತು ಮೀರಿದರೆ ಬಿಡಬಹುದಾದ ದೃಶ್ಯ ಯಾವುದು ಅಂತಲೂ ಮೊದಲೇ ಗುರುತು ಹಾಕಿ. ಅಪೂರ್ಣ ಕಥೆಯೊಂದಿಗೆ ಎದ್ದು ಹೋಗುವಷ್ಟು ಬೇಜಾರು ಆಟಗಾರರಿಗೆ ಇನ್ನಾವುದೂ ಇಲ್ಲ, ಅವರು ಆ ನಾಲ್ಕು ಗಂಟೆಗೆ ಟಿಕೆಟ್ ಕೊಟ್ಟು ಬಂದಿರುತ್ತಾರೆ.

ಪಾತ್ರಗಳನ್ನು ಮೊದಲೇ ಮಾಡಿಟ್ಟುಕೊಂಡು ಹೋಗಿ, ಒಂದಕ್ಕೆ ಒಂದು ಹಾಳೆ. ಮೇಲ್ಭಾಗದಲ್ಲಿ "ನಾನು ಏನು ಚೆನ್ನಾಗಿ ಮಾಡುತ್ತೇನೆ" ಅನ್ನುವ ಒಂದು ಸಾಲು, ಪಕ್ಕದಲ್ಲಿ ಕೂತ ಇನ್ನೊಂದು ಪಾತ್ರದ ಜೊತೆ ಒಂದು ಸಂಬಂಧ. "ಅವಳು ನಿನ್ನ ಸಾಲ ತೀರಿಸಿದ್ದಾಳೆ, ಯಾಕೆ ಅಂತ ನಿನಗೆ ಗೊತ್ತಿಲ್ಲ" ಅನ್ನುವಂಥದ್ದು. ಅಪರಿಚಿತರು ಮಾತು ಶುರು ಮಾಡಲು ಇಷ್ಟೇ ಬೇಕು. ಹೆಸರಿನ ಚೀಟಿ, ಪೆನ್ಸಿಲ್, ಹೆಚ್ಚಿನ ಡೈಸ್ ಒಯ್ಯಿರಿ. ಡೈಸ್ ಇಲ್ಲದೆ ಬರುವವರು ಪ್ರತಿ ಮೇಜಿನಲ್ಲೂ ಒಬ್ಬರಿರುತ್ತಾರೆ.

ಗುರುತು ಪರಿಚಯ ಇಲ್ಲದವರ ಜೊತೆ ಆಡುವಾಗ ಯಾವ ವಿಷಯ ಯಾರಿಗೆ ನೋವು ಕೊಡುತ್ತದೆ ಅಂತ ತಿಳಿಯುವುದಿಲ್ಲ. ಮೇಜಿನ ನಡುವೆ ಎಕ್ಸ್-ಕಾರ್ಡ್ ಇಡಿ. ಜಾನ್ ಸ್ಟಾವ್ರೋಪೌಲಸ್ ರೂಪಿಸಿದ ಸರಳ ಉಪಾಯ ಅದು: ಯಾರಾದರೂ ಆ ಕಾರ್ಡ್ ಮುಟ್ಟಿದರೆ ಆ ವಿಷಯ ಬಿಟ್ಟು ಮುಂದೆ ಹೋಗುವುದು, ಕಾರಣ ಕೇಳುವ ಹಾಗಿಲ್ಲ. ಶುರುವಿನಲ್ಲಿ ಒಂದು ನಿಮಿಷ ಇದನ್ನು ವಿವರಿಸಿ.

ಹಾಲ್‌ನಲ್ಲಿ ಗದ್ದಲ ಇರುತ್ತದೆ. ಕಿರುಚಿ ಮಾತಾಡಿದರೆ ಎರಡನೇ ದಿನಕ್ಕೆ ದನಿ ಹೋಗುತ್ತದೆ. ಎದ್ದು ನಿಂತು, ಮೇಜಿನ ಮೇಲೆ ಬಾಗಿ ಮಾತಾಡಿ, ನೀರು ಪಕ್ಕದಲ್ಲೇ ಇರಲಿ. ದಿನಕ್ಕೆ ಎರಡು ಸ್ಲಾಟ್‌ಗಿಂತ ಹೆಚ್ಚು ಒಪ್ಪಬೇಡಿ. ಆಟ ಮುಗಿದ ಕೂಡಲೇ, ಊಟಕ್ಕೂ ಮೊದಲು, ಹತ್ತು ನಿಮಿಷ ಕೂತು ಟಿಪ್ಪಣಿ ಬರೆಯಿರಿ: ಯಾವ ಸುಳಿವು ಯಾರ ಕಣ್ಣಿಗೂ ಬೀಳಲಿಲ್ಲ, ಯಾವ ಪಾತ್ರವನ್ನು ಎಲ್ಲರೂ ಇಷ್ಟಪಟ್ಟರು, ಎಲ್ಲಿ ನೀವು ಪುಟದಲ್ಲಿ ಇಲ್ಲದ್ದನ್ನು ಬಾಯಲ್ಲಿ ಸೇರಿಸಿದಿರಿ. ಹಾಗೆ ಸೇರಿಸಿದ ಮಾತು ಪುಟಕ್ಕೆ ಹೋಗಬೇಕು.

9. ಪ್ಯಾನೆಲ್, ಬೂತ್, ಎಡಿಟರ್ ಭೇಟಿ

ಪ್ಯಾನೆಲ್‌ಗೆ ಕರೆದರೆ ಒಪ್ಪುವ ಮೊದಲು ವಿಷಯ ಕೇಳಿ, ನಿಮಗೆ ಹೇಳಲು ಇದೆಯಾ ಯೋಚಿಸಿ. ಜೆನ್ ಕಾನ್‌ನಲ್ಲಿ ಬರಹಗಾರರಿಗಾಗಿಯೇ ರೈಟರ್ಸ್ ಸಿಂಪೋಸಿಯಂ ನಡೆಯುತ್ತದೆ, ಮೊದಲ ವರ್ಷ ಅಲ್ಲಿ ಕೇಳುಗರಾಗಿ ಕೂತು ನೋಡಿದರೂ ಒಳ್ಳೆಯದು. ಪರಿಚಯ ಎರಡು ವಾಕ್ಯಕ್ಕೆ ಮುಗಿಸಿ. ನಿಮ್ಮ ಇತ್ತೀಚಿನ ಪುಸ್ತಕವನ್ನು ಹೋಗುವ ಮೊದಲು ಮತ್ತೆ ಓದಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ಬರೆದ ಎಷ್ಟೋ ಕಾಲದ ನಂತರ ಪುಸ್ತಕ ಹೊರಬರುತ್ತದೆ, ಅಷ್ಟರಲ್ಲಿ ನೀವು ಬೇರೆ ಮೂರು ಕೆಲಸದಲ್ಲಿ ಮುಳುಗಿರುತ್ತೀರಿ, ಆದರೆ ಓದುಗರು ಅದನ್ನು ನಿನ್ನೆಯಷ್ಟೇ ಓದಿ ಮುಗಿಸಿ 47ನೇ ಪುಟದ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಈಗ ಬರೆಯುತ್ತಿರುವುದರ ಬಗ್ಗೆ ಮಾತ್ರ ತುಟಿ ಬಿಚ್ಚಬೇಡಿ. ಗೌಪ್ಯತೆಯ ಒಪ್ಪಂದ ಇದ್ದರೆ ಪ್ರಕಾಶಕರು ಘೋಷಿಸುವವರೆಗೂ ಅದು ಗುಟ್ಟೇ. "ಇನ್ನೂ ಹೇಳುವ ಹಾಗಿಲ್ಲ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೂತ್‌ನಲ್ಲಿ ಮೇಜಿನ ಹಿಂದೆ ಕೂರಬೇಡಿ, ಪಕ್ಕದಲ್ಲಿ ನಿಲ್ಲಿ. ಬಂದವರಿಗೆ ನಿಮ್ಮ ಪುಸ್ತಕದ ವಿವರಣೆ ಒಪ್ಪಿಸುವ ಬದಲು "ಈಗ ಏನು ಆಡ್ತಾ ಇದ್ದೀರಿ?" ಅಂತ ಕೇಳಿ. ಅವರ ಉತ್ತರದಲ್ಲೇ ಯಾವ ಪುಸ್ತಕ ತೋರಿಸಬೇಕು ಅನ್ನುವುದು ಸಿಗುತ್ತದೆ. ಅವರಿಗೆ ಹೊಂದುವುದು ಪಕ್ಕದ ಬೂತ್‌ನಲ್ಲಿದ್ದರೆ ಅಲ್ಲಿಗೇ ಕಳಿಸಿ.

ಎಡಿಟರ್‌ಗಳನ್ನು ಭೇಟಿಯಾಗಬೇಕು ಅಂದರೆ ಎರಡು ಮೂರು ವಾರ ಮೊದಲೇ ಮೇಲ್‌ನಲ್ಲಿ ಹದಿನೈದು ನಿಮಿಷ ಕೇಳಿ. ಅವರು ಬೂತ್‌ನಲ್ಲಿ ಪುಸ್ತಕ ಮಾರುತ್ತಿರುವಾಗ ಹೋಗಿ ನಿಮ್ಮ ಆಟದ ಕಥೆ ಶುರು ಮಾಡಬೇಡಿ, ಹಿಂದೆ ದುಡ್ಡು ಹಿಡಿದು ನಿಂತವರಿರುತ್ತಾರೆ. ಸಿಕ್ಕಾಗ ಹಸ್ತಪ್ರತಿ ಕೈಗೆ ತುರುಕುವುದೂ ಬೇಡ, ಅವರ ಚೀಲ ಈಗಾಗಲೇ ತುಂಬಿರುತ್ತದೆ. ಮುಂದಿನ ವರ್ಷ ಯಾವ ಬಗೆಯ ಪುಸ್ತಕಗಳಿಗೆ ಜನ ಬೇಕು ಅಂತ ಕೇಳಿ, ಬರೆದುಕೊಳ್ಳಿ, ಥ್ಯಾಂಕ್ಸ್ ಹೇಳಿ ಏಳಿ.

10. ವಾಪಸ್ ಬಂದ ವಾರ

ಕನ್ವೆನ್ಷನ್ ಮುಗಿದ ಮೇಲೆ ನೆಗಡಿ, ಕೆಮ್ಮು, ಜ್ವರ ತುಂಬ ಜನರಿಗೆ ಬರುತ್ತದೆ. ಸಾವಿರಾರು ಜನ ಒಂದೇ ಸೂರಿನಡಿ ಇದ್ದರೆ ಬಾರದೆ ಇರುತ್ತಾ? ಹಾಗಾಗಿ ಆ ವಾರದಲ್ಲಿ ಯಾವ ಡೆಡ್‌ಲೈನ್‌ಗೂ ಒಪ್ಪಬೇಡಿ, ಕಾಂಟ್ರಾಕ್ಟ್ ಮಾತಾಡುವಾಗಲೇ ಕ್ಯಾಲೆಂಡರ್ ನೋಡಿ.

ಸಿಕ್ಕ ವಿಸಿಟಿಂಗ್ ಕಾರ್ಡ್‌ಗಳ ಹಿಂದೆ, ಏನು ಮಾತಾಡಿದಿರಿ ಅಂತ ಅಲ್ಲೇ ಎರಡು ಪದ ಬರೆದಿಟ್ಟಿದ್ದರೆ ಅವು ಈಗ ಉಪಯೋಗಕ್ಕೆ ಬರುತ್ತವೆ. ವಾರದೊಳಗೆ ಮೇಲ್ ಮಾಡಿ. "ಶನಿವಾರ ಮಧ್ಯಾಹ್ನ ಸಿಕ್ಕಿದ್ದೆವು, ನೀವು ಸಮುದ್ರದ ಸಾಹಸಗಳಿಗೆ ಬರಹಗಾರರು ಬೇಕು ಅಂದಿದ್ದಿರಿ, ಇದು ನನ್ನ ಮಾದರಿ" ಅನ್ನುವಷ್ಟು. ಯಾವ ಮಾದರಿ ಕಳಿಸಬೇಕು ಅಂತ ಕೇಳುತ್ತೀರಾ? ಕನ್ವೆನ್ಷನ್‌ನಲ್ಲಿ ನಡೆಸಿದ ಆ ನಾಲ್ಕು ಗಂಟೆಯ ಸಾಹಸವನ್ನೇ, ಟಿಪ್ಪಣಿ ನೋಡಿ ತಿದ್ದಿದ ಮೇಲೆ. ಅದನ್ನು ಅಪರಿಚಿತರು ಆಡಿದ್ದಾರೆ, ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ, ಎಲ್ಲಿ ಎಡವುತ್ತಿತ್ತು ಅಂತ ನಿಮಗೆ ಗೊತ್ತಾಗಿ ಸರಿಮಾಡಿದ್ದೀರಿ. ಒಂದು ಸಾಲಿನಲ್ಲಿ ಅದನ್ನೂ ಮೇಲ್‌ನಲ್ಲಿ ಹೇಳಿ. ಆಮೇಲೆ ಅದೇ ಸಾಹಸವನ್ನು ಪಿಡಿಎಫ್ ಮಾಡಿ ಮಾರಾಟಕ್ಕೂ ಹಾಕಬಹುದು, ಆಡಿದವರ ಹೆಸರನ್ನು, ಅವರು ಒಪ್ಪಿದರೆ, ಪ್ಲೇಟೆಸ್ಟ್ ಮಾಡಿದವರ ಪಟ್ಟಿಯಲ್ಲಿ ಸೇರಿಸಿ.

ರಸೀದಿಗಳನ್ನೆಲ್ಲ ಆ ವಾರವೇ ಒಂದು ಕಡೆ ಹಾಕಿ ಒಟ್ಟು ಕೂಡಿಸಿ, ತೆರಿಗೆ ಲೆಕ್ಕಕ್ಕೆ ಬೇಕಾಗುತ್ತದೆ. ಬರಬೇಕಾದ ದುಡ್ಡಿನ ಇನ್‌ವಾಯ್ಸ್‌ಗಳು ಪ್ರಯಾಣದ ಗಡಿಬಿಡಿಯಲ್ಲಿ ಕಳಿಸದೆ ಉಳಿದಿದ್ದರೆ ಇವತ್ತೇ ಕಳಿಸಿ.